ಡೀಸೆಲ್ ಡಿಸೈರ್ ಕಾರು ಸ್ಟಾರ್ಟ್ ಆಗ್ತಿಲ್ಲ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ) ಬದಲಿಸಿದರೂ ಅದೇ ಕಥೆ

ಕೊಟ್ಟಾರಡಿಸೈರ್:
ಮಂಡೆ ಬಿಸಿಯಾಗಿದೆ ಮಾರಾಯ್ರೆ. ಆ ದೊಡ್ಡ ಮಳೆಗೆ ಕೊಟ್ಟಾರ ಚೌಕಿಯಲ್ಲಿ ನೀರು ನಿಂತಿತ್ತಲ್ವಾ, ಅದರಲ್ಲೇ ದಾಟಿಸಿಕೊಂಡು ಬಂದೆ. ಮನೆ ತನಕ ಏನೂ ತೊಂದರೆ ಇರಲಿಲ್ಲ. ಬೆಳಿಗ್ಗೆ ಕೀಲಿ ತಿರುಗಿಸಿದರೆ ಸ್ಟಾರ್ಟ್ ಇಲ್ಲ. ಗ್ಯಾರೇಜಿನವರು ಸ್ಕ್ಯಾನರ್ ಹಾಕಿ "ಲಿಂಕ್ ಆಗ್ತಿಲ್ಲ, ಇಸಿಯು ಹೋಗಿದೆ" ಅಂದರು. ಬೇರೆ ಇಸಿಯು ತಂದು ಹಾಕಿದ್ದೂ ಆಯಿತು. ಈಗಲೂ ಹಾಗೇ. ಬ್ಯಾಟರಿ ಹೊಸತು, ಟ್ಯಾಂಕಲ್ಲಿ ಡೀಸೆಲ್ ಉಂಟು. ಇನ್ನು ಎಂತ ಬಾಕಿ?

ಮೂಲ್ಕಿಮಾಮ್:
ಕ್ರ್ಯಾಂಕ್ ಸೆನ್ಸರ್. ಎಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಸೆನ್ಸರ್ ಅದು, ಕಣ್ಣು ಮುಚ್ಚಿ ಬದಲಿಸಿ. ನೀರು ಹೊಕ್ಕರೆ ಮೊದಲು ಹೋಗುವುದು ಅದೇ.

ಘಾಟಿ75:
ಹೊಸ ಇಸಿಯು ಅಂದರೆ ಹೊಸತಾ, ಗುಜರಿಯಾ? ಗುಜರಿ ಆದರೆ ಕಳ್ಳತನ ತಡೆಯುವ ಇಮ್ಮೊಬಿಲೈಜರ್ ಮ್ಯಾಚ್ ಆಗುವುದಿಲ್ಲ. ಕೀಲಿಯೊಳಗಿನ ಚಿಪ್‌ಗೆ ಬ್ಯಾಟರಿ ಇಲ್ಲ. ಕೀಲಿ ತೂತಿನ ಸುತ್ತ ಇರುವ ಕಾಯಿಲ್ ಅದಕ್ಕೆ ಜೀವ ಕೊಟ್ಟು ಕೋಡ್ ಓದುತ್ತದೆ. ಆ ಕೋಡ್ ತಾಳೆಯಾಗದಿದ್ದರೆ ಸ್ಟಾರ್ಟರ್ ಎಷ್ಟೇ ತಿರುಗಲಿ, ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಾಯಿ ಬಿಡುವುದಿಲ್ಲ. ಹಳೆ ಇಸಿಯುನ ಮೆಮೊರಿ ಓದಿ ಇದಕ್ಕೆ ಬರೆಸಿ, ಅಂದರೆ ಕ್ಲೋನ್. ನನ್ನ ಸ್ವಿಫ್ಟಿಗೆ ರೀಮ್ಯಾಪ್ (ಪವರ್ ಏರಿಸಲು ಇಸಿಯುನ ಸೆಟ್ಟಿಂಗ್ ಬದಲಿಸುವುದು) ಮಾಡಿಸುವಾಗ ಇದನ್ನೆಲ್ಲ ಕೂತು ನೋಡಿದ್ದೇನೆ. ಈಗ ಆಗುಂಬೆಯ 14 ತಿರುವಿನಲ್ಲೂ ಎರಡನೇ ಗೇರಿಂದ ಕೆಳಗಿಳಿಯುವ ಕೆಲಸವೇ ಇಲ್ಲ.

ಕೊಟ್ಟಾರಡಿಸೈರ್:
ಗುಜರಿಯದ್ದೇ. ಎರ್ಟಿಗಾ ಕಾರಿನದ್ದು. ಎಂಜಿನ್ ಒಂದೇ, ಎಲ್ಲದಕ್ಕೂ ಆಗುತ್ತದೆ ಅಂತ ಅಂಗಡಿಯವರು ಗ್ಯಾರಂಟಿ ಕೊಟ್ಟಿದ್ದಾರೆ.

ಮಲ್ಪೆಬೊಲೆರೊ:
😂 ಇದನ್ನು ಮೊದಲೇ ಹೇಳಬಾರದಿತ್ತಾ?

ಬೆಸುಗೆಕಡ್ಡಿ:
1248 ಸಿಸಿ ಎಂಜಿನ್ ಒಂದೇ, ನಿಜ. ಫಿಯೆಟ್ಟಿನ ಮಲ್ಟಿಜೆಟ್. ಪುಂಟೊ, ಇಂಡಿಕಾ ವಿಸ್ಟಾದಲ್ಲೂ ಅದೇ ಇತ್ತು. ಆದರೆ ಡಿಸೈರಿನಲ್ಲಿ 75 ಪಿಎಸ್ ಪವರ್, ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಸಾದಾದ್ದು. ಎರ್ಟಿಗಾದಲ್ಲಿ 90 ಪಿಎಸ್, ಒಳಗೆ ರೆಕ್ಕೆ ಹಂದಾಡುವ ವಿಜಿಟಿ ಟರ್ಬೊ. ಆ ಇಸಿಯು ಹುಡುಕುವ ಭಾಗವೇ ನಿಮ್ಮ ಗಾಡಿಯಲ್ಲಿ ಇಲ್ಲ. ಕ್ಲೋನ್ ಮಾಡಿಸುವುದಾದರೂ ಎರಡೂ ಪೆಟ್ಟಿಗೆಯ ಲೇಬಲ್ ಮೇಲಿನ ಹಾರ್ಡ್‌ವೇರ್ ನಂಬರ್ ತಾಳೆಯಾಗಬೇಕು.

ಆದರೆ ಅದೆಲ್ಲ ಆಮೇಲಿನ ಮಾತು. ಮೊದಲು ಇಷ್ಟು ಹೇಳಿ: ಎಷ್ಟರ ಮಾಡೆಲ್? ಸ್ಟಾರ್ಟರ್ ತಿರುಗುತ್ತದಾ? ಕೀಲಿ ಆನ್ ಮಾಡಿದಾಗ ಮೀಟರಲ್ಲಿ ಚೆಕ್ ಎಂಜಿನ್ ಲೈಟ್ ಬರುತ್ತದಾ? ಗುಜರಿ ಇಸಿಯು ಹಾಕಿದ ಮೇಲೆ ಸ್ಕ್ಯಾನರ್ ಲಿಂಕ್ ಆಯಿತಾ?

ಮೂಲ್ಕಿಮಾಮ್:
ಇಷ್ಟೆಲ್ಲ ಯಾಕೆ? ಕ್ರ್ಯಾಂಕ್ ಸೆನ್ಸರ್ ಕನೆಕ್ಟರ್ ಬಿಚ್ಚಿ ನೋಡಿ, ಒಳಗೆ ನೀರು ಇರುತ್ತದೆ.

ಕೊಟ್ಟಾರಡಿಸೈರ್:
2013. ಸ್ಟಾರ್ಟರ್ ಚೆನ್ನಾಗಿ ತಿರುಗುತ್ತದೆ. ಚೆಕ್ ಲೈಟ್ ಬರುವುದಿಲ್ಲ. ಹಳೆಯದರಲ್ಲೂ ಇಲ್ಲ, ಇದರಲ್ಲೂ ಇಲ್ಲ. ಲಿಂಕ್ ಎರಡರಲ್ಲೂ ಇಲ್ಲ. ನನ್ನ ಹತ್ತಿರ ಇರುವ ಬ್ಲೂಟೂತ್ ಇಎಲ್ಎಂ327 (ಫೋನಿಗೆ ಜೋಡಿಸುವ ಸಣ್ಣ ಸ್ಕ್ಯಾನರ್) ಹಾಕಿಯೂ ನೋಡಿದೆ.

ಮಲ್ಪೆಬೊಲೆರೊ:
ಆ ನೀಲಿ ಡಬ್ಬಿ ವರ್ಷನ್ 2.1 ಆದರೆ ಎಸೆದುಬಿಡಿ. ಅರ್ಧ ಕಮಾಂಡ್ ಇರುವುದಿಲ್ಲ. 1.5 ತೆಗೆದುಕೊಳ್ಳಿ, ಅದು ಒರಿಜಿನಲ್.

ಘಾಟಿ75:
ಒರಿಜಿನಲ್ಲಾ? 1.5 ಅಂತ ಒಂದು ವರ್ಷನ್ನನ್ನು ಇಎಲ್ಎಂ ಚಿಪ್ ಮಾಡಿದ ಕಂಪನಿ ಬಿಟ್ಟೇ ಇಲ್ಲ. ನಕಲಿ ಮಾಡುವವರು ಇಟ್ಟ ನಂಬರ್ ಅದು.

ಮಲ್ಪೆಬೊಲೆರೊ:
ನನ್ನದು ವರ್ಷಗಟ್ಟಲೆಯಿಂದ ಕೆಲಸ ಮಾಡುತ್ತಿದೆ. ಹೆಸರು ಕಟ್ಟಿಕೊಂಡು ಎಂತ ಮಾಡಬೇಕು?

ಘಾಟಿ75:
ಕೆಲಸ ಮಾಡುತ್ತದೆ ಅನ್ನುವುದು ಬೇರೆ, ಒರಿಜಿನಲ್ ಅನ್ನುವುದು ಬೇರೆ ಅಲ್ವಾ?

ಬೆಸುಗೆಕಡ್ಡಿ:
ಡಬ್ಬಿ ಜಗಳ ಬೇರೆ ಕಡೆ ಮಾಡಿ. ಎರಡು ಇಸಿಯು ಒಂದೇ ರೀತಿ ಸುಮ್ಮನಿವೆ. ಇಮ್ಮೊಬಿಲೈಜರ್ ತಾಳೆಯಾಗದ ಇಸಿಯು ಸಹ ಸ್ಕ್ಯಾನರಿಗೆ ಉತ್ತರ ಕೊಡುತ್ತದೆ. ಕ್ರ್ಯಾಂಕ್ ಸೆನ್ಸರ್ ಹೋದರೂ ಲಿಂಕ್ ಆಗುತ್ತದೆ, ಪಿ0335 ಅಂತ ಕೋಡ್ ತೋರಿಸುತ್ತದೆ. ಮಾತೇ ಇಲ್ಲ ಅಂದರೆ ಕರೆಂಟ್ ಇಲ್ಲ, ಇಲ್ಲಾ ಅರ್ಥ್ ಇಲ್ಲ, ಇಲ್ಲಾ ಯಾವುದೋ ಸೆನ್ಸರ್ ಶಾರ್ಟ್ ಆಗಿ 5 ವೋಲ್ಟ್ ಲೈನನ್ನು ಎಳೆದು ಕೂತಿದೆ.

ಹಳೆ ಇಸಿಯುನೇ ವಾಪಸ್ ಹಾಕಿ. ಮಲ್ಟಿಮೀಟರ್ ಇದ್ದರೆ ಸ್ಕ್ಯಾನರ್ ಚುಚ್ಚುವ ಒಬಿಡಿ ಸಾಕೆಟ್ಟಿನ 16ನೇ ಪಿನ್‌ನಲ್ಲಿ 12 ವೋಲ್ಟ್ ಇದೆಯಾ, 4 ಮತ್ತು 5 ಅರ್ಥ್ ಸರಿ ಇದೆಯಾ ನೋಡಿ. ಬ್ಯಾಟರಿ ಬಿಚ್ಚಿ 6 ಮತ್ತು 14ರ ನಡುವೆ ಅಳೆದರೆ 60 ಓಮ್ ಹತ್ತಿರ ಬರಬೇಕು, ಗಾಡಿಯ ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ಕ್ಯಾನ್ ಲೈನಿನ ಎರಡು ತುದಿಯಲ್ಲಿ 120ರ ರೆಸಿಸ್ಟರ್ ಇರುತ್ತದೆ. ಆಮೇಲೆ ಬ್ಯಾಟರಿ ಕಟ್ಟಿ, ಇಸಿಯುಗೆ ಕರೆಂಟ್ ಬಿಡುವ ಸ್ವಿಚ್, ಅಂದರೆ ಮೇನ್ ರಿಲೇ ಹುಡುಕಿ.

ಮೂಲ್ಕಿಮಾಮ್:
ಮೇನ್ ರಿಲೇ ಎಳೆಯುವುದೇ ಇಸಿಯು. ಅದು ಸತ್ತರೆ ರಿಲೇ ಎಲ್ಲಿ ಏಳುತ್ತದೆ? ಸುಮ್ನೆ ರಿಲೇ ಹಿಂದೆ ಹೋಗಿ ಟೈಮ್ ವೇಸ್ಟ್.

ಬೆಸುಗೆಕಡ್ಡಿ:
ಅದಕ್ಕೇ ಹೇಳುತ್ತಿರುವುದು. ರಿಲೇ ಮೇಲೆ ಬೆರಳಿಟ್ಟು ಕೀಲಿ ಆನ್ ಮಾಡಿಸಿ. ಟಿಕ್ ಅಂದರೆ ಇಸಿಯು ಒಳಗೆ ಜೀವ ಉಂಟು.

ಕೊಟ್ಟಾರಡಿಸೈರ್:
ಮಳೆ ಸ್ವಲ್ಪ ಬಿಟ್ಟಾಗ ನೋಡಿದೆ. 60.8 ಓಮ್. 16ರಲ್ಲಿ 12.4 ವೋಲ್ಟ್. ಅರ್ಥ್ ಸರಿ. ರಿಲೇ ಟಿಕ್ ಅನ್ನುತ್ತದೆ, ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಬ್ಯಾಟರಿ ಕಡೆಯ ಕಾಲಿನಲ್ಲಿ 12 ಉಂಟು, ಇಸಿಯುಗೆ ಹೋಗುವ ಕಾಲಿನಲ್ಲಿ ಬರೇ 3 ಚಿಲ್ಲರೆ. ಬಿಚ್ಚಿದರೆ ಒಂದು ಕಾಲಿನ ಮೇಲೆ ಹಸಿರು ಹುಡಿ ಕೂತಿದೆ, ಉಗುರಲ್ಲಿ ಕೆರೆದರೆ ಉದುರುತ್ತದೆ. ಕಾಲು ಅರ್ಧ ತಿಂದು ಹೋಗಿದೆ. ಸಾಕೆಟ್ ಒಳಗೂ ಅದೇ ಹುಡಿ.

ಮಲ್ಪೆಬೊಲೆರೊ:
ಇದು ಒಂದು ಮಳೆಯದ್ದಲ್ಲ. ಕಡಲ ಬದಿಯ ಗಾಳಿ ವರ್ಷಗಟ್ಟಲೆ ತಿಂದದ್ದು. ನನ್ನ ಬೊಲೆರೊ ಬಂದರಿನಲ್ಲೇ ನಿಲ್ಲುವುದು, ಫ್ಯೂಸ್ ಬಾಕ್ಸ್ ಕಾಲುಗಳಿಗೆಲ್ಲ ಗ್ರೀಸ್ ಹಚ್ಚಿಟ್ಟಿದ್ದೇನೆ. ಅದರ ಮೇಲೆ ಎಲ್ಇಡಿ ಬಾರ್, ಎರಡನೇ ಬ್ಯಾಟರಿ, ವಿಂಚ್...

ಘಾಟಿ75:
ವಿಂಚ್ ಕಥೆ ಬೇಡ. ಹೊಸ ರಿಲೇ ಹಾಕಿ, ಆಮೇಲೆ ಆ ಎರ್ಟಿಗಾ ಇಸಿಯುಗೆ ಕ್ಲೋನ್ ಮಾಡಿಸಿ.

ಬೆಸುಗೆಕಡ್ಡಿ:
ಅಯ್ಯೋ, ಕ್ಲೋನ್ ಯಾಕೆ? ಹಳೆಯದು ಬದುಕಿದೆ ಅಂತ ರಿಲೇನೇ ಹೇಳುತ್ತಿದೆಯಲ್ಲ. ಅದನ್ನು ಮುಟ್ಟಬೇಡಿ. ನಿಜವಾಗಿ ಬದಲಿಸುವ ಕಾಲ ಬಂದರೆ ಅದೇ ನಂಬರಿನ ಪೆಟ್ಟಿಗೆ ತನ್ನಿ. ಇಂಜೆಕ್ಟರ್‌ಗಳ ತಲೆಯ ಮೇಲಿನ ಕೋಡ್‌ಗಳನ್ನೂ ಹೊಸ ಇಸಿಯುಗೆ ಬರೆಸಬೇಕು, ಇಲ್ಲದಿದ್ದರೆ ಐಡ್ಲಿಂಗ್‌ನಲ್ಲಿ ಬಡಿಯುತ್ತದೆ, ಹೊಗೆ ಬರುತ್ತದೆ. ಬರೆಯುವಾಗ ಬ್ಯಾಟರಿಗೆ ಚಾರ್ಜರ್ ಕಟ್ಟಿರಬೇಕು. ಅರ್ಧದಲ್ಲಿ ವೋಲ್ಟೇಜ್ ಕುಸಿದರೆ ಚೆನ್ನಾಗಿದ್ದ ಇಸಿಯು ಇಟ್ಟಿಗೆ.

ಘಾಟಿ75:
ಚಾರ್ಜರೂ ಮನೆ ಕರೆಂಟಿಗೇ ಕಟ್ಟುವುದಲ್ವಾ? ಜೂನ್ ಜುಲೈಯಲ್ಲಿ ಅದನ್ನು ನಂಬಿ ಪ್ರೋಗ್ರಾಮಿಂಗ್‌ಗೆ ಕೂರುವುದಕ್ಕಾಗುತ್ತದಾ?

ಬೆಸುಗೆಕಡ್ಡಿ:
ಕರೆಂಟ್ ಹೋದರೆ ಗಾಡಿಯ ಬ್ಯಾಟರಿ ಸ್ವಲ್ಪ ಹೊತ್ತು ಹಿಡಿದುಕೊಳ್ಳುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿ ಮೊದಲೇ ತುಂಬಿಸಿಡಿ, ಸಾಕು.

ಕೊಟ್ಟಾರಡಿಸೈರ್:
ರಿಲೇ ಹೊಸತು ಹಾಕಿದೆ. ಸಾಕೆಟ್ಟಿನ ಹುಡಿ ಕೆರೆದು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆ. ಚೆಕ್ ಲೈಟ್ ಬಂತು! ಇಎಲ್ಎಂ ಲಿಂಕ್ ಆಯಿತು. ಆದರೆ ಸ್ಟಾರ್ಟ್ ಇಲ್ಲ, ಕೋಡ್ ಪಿ0335.

ಮೂಲ್ಕಿಮಾಮ್:
ಕ್ರ್ಯಾಂಕ್ ಸೆನ್ಸರ್!! ಮೊದಲ ದಿನವೇ ಹೇಳಿದ್ದೆ. ಈಗ ನಂಬಿಕೆ ಬಂತಾ?

ಬೆಸುಗೆಕಡ್ಡಿ:
ಮಾಮ್ ಹೇಳಿದರು ಅಂತ ಆ ಕನೆಕ್ಟರ್ ಬಿಚ್ಚಿದ್ದಿರಾ? ವಾಪಸ್ ಕೂರಿಸಿದ್ದಿರಾ?

ಕೊಟ್ಟಾರಡಿಸೈರ್:
ಕೂರಿಸಿದೆ, ಸ್ಟಾರ್ಟ್ ಆಯಿತು. ಕೋಡ್ ಅಳಿಸಿದ ಮೇಲೆ ಮತ್ತೆ ಬಂದಿಲ್ಲ. ಕೂಳೂರು ಸೇತುವೆ ತನಕ ಹೋಗಿ ಬಂದೆ. ಎಲ್ಲರಿಗೂ ಥ್ಯಾಂಕ್ಸ್. ಒಂದೇ ಸಂಶಯ: ಸಾಕೆಟ್ ಟರ್ಮಿನಲ್ ಸಡಿಲ ಉಂಟು, ಹೊಂಡಕ್ಕೆ ಇಳಿದಾಗ ಒಮ್ಮೆ ಚೆಕ್ ಲೈಟ್ ಮಿಣುಕಿತು.

ಮೂಲ್ಕಿಮಾಮ್:
ಸೆನ್ಸರ್ ಒಳಗೆ ನೀರು ಇದ್ದೇ ಇದೆ. ಬಿಸಿಯಾದಾಗ ಕೈಕೊಡುತ್ತದೆ ನೋಡ್ತಾ ಇರಿ.

ಬೆಸುಗೆಕಡ್ಡಿ:
ಆ ಟರ್ಮಿನಲ್ ತೆಗೆದು ಹೊಸ ಕಾಲು ಹಾಕಿಸಿ. ಹಳೆ ವಯರಿನ ದಪ್ಪವೇ ಇರಲಿ. ಬೆಸುಗೆ ಬೇಡ, ಕ್ರಿಂಪ್ ಮಾಡಿ, ಅಂದರೆ ಒತ್ತಿ ಬಿಗಿಯಿರಿ. ಬೆಸುಗೆ ಹಾಕಿದ ವಯರ್ ಅದು ಗಟ್ಟಿಯಾದ ಜಾಗದ ಪಕ್ಕದಲ್ಲೇ ಅಲುಗಾಟಕ್ಕೆ ತುಂಡಾಗುತ್ತದೆ.

ಮಲ್ಪೆಬೊಲೆರೊ:
ಹೆಸರು ಬೆಸುಗೆಕಡ್ಡಿ, ಹೇಳುವುದು ಬೆಸುಗೆ ಬೇಡ ಅಂತ. ನನ್ನ ಹಳೆ ಓಮ್ನಿಯಲ್ಲಿ ಹಾಕಿದ ಬೆಸುಗೆ ಇವತ್ತಿಗೂ ಗಟ್ಟಿ ಉಂಟು.

ಬೆಸುಗೆಕಡ್ಡಿ:
ಓಮ್ನಿಯಲ್ಲಿ ಯಾವ ಜಾಗಕ್ಕೆ? ಸ್ಟೀರಿಯೊಗೆ ತಾನೇ? ಎಂಜಿನ್ ಬೇ ಬೇರೆ.

ಕೊಟ್ಟಾರಡಿಸೈರ್:
ಸರಿ, ಕ್ರಿಂಪ್ ಮಾಡಿಸುತ್ತೇನೆ. ಗುಜರಿಯವರು ಇಸಿಯು ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಎರ್ಟಿಗಾ ಡೀಸೆಲ್ ಇರುವವರು ಯಾರಾದರೂ ಇದ್ದರೆ ಮೆಸೇಜ್ ಮಾಡಿ, ಲೇಬಲ್ ಫೋಟೊ ಕಳಿಸುತ್ತೇನೆ.

ಘಾಟಿ75:
ಎಷ್ಟಕ್ಕೆ? ವಿಜಿಟಿ ಟರ್ಬೊ ಒಂದು ಸಿಕ್ಕರೆ ನನಗೇ ಬೇಕಿತ್ತು.