ಎಂಜಿನಿಯರಿಂಗ್ ಮಕ್ಕಳಿಗೆ ಸಂವಿಧಾನ, ಕನ್ನಡ ಪೇಪರ್ ಬೇಕಾ? ಅನುಭವ ಇದ್ದವರು ಹೇಳಿ

ಮಂಡ್ಯದ ಅಪ್ಪ: ಮಗಳು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜಿನಲ್ಲಿ ಮೊದಲ ವರ್ಷ, ಕಂಪ್ಯೂಟರ್ ಸೈನ್ಸ್. ಸಂವಿಧಾನ, ಸಾಂಸ್ಕೃತಿಕ ಕನ್ನಡ (ಕನ್ನಡ ಬಲ್ಲ ಮಕ್ಕಳಿಗೆ ಇರುವ ಪೇಪರ್) ಎರಡಕ್ಕೂ ಕ್ರೆಡಿಟ್, ಅಂದರೆ ಪೇಪರ್‌ಗೆ ಇರುವ ತೂಕ, ಕಮ್ಮಿ, ಪಾಸಾದರೆ ಸಾಕು ಅನ್ನುತ್ತಾಳೆ. ಆ ಹೊತ್ತಿನಲ್ಲಿ ಕೋಡಿಂಗ್ ಕಲಿತರೆ ಒಳ್ಳೆಯದಲ್ವಾ?

ಹಳೇ ಬ್ಯಾಕ್‌ಲಾಗ್: ನಾನು ಮೆಕ್ಯಾನಿಕಲ್. ಥರ್ಮೋಡೈನಾಮಿಕ್ಸ್ ಪಾಸು, ಹೀಟ್ ಟ್ರಾನ್ಸ್‌ಫರ್ ಪಾಸು. ಬಾಕಿ ಉಳಿದದ್ದು ಸಂವಿಧಾನ! ಆ ಸಲ ಪಾಠವನ್ನೇ ಮಾಡಿರಲಿಲ್ಲ, ಒಂದು ಜೆರಾಕ್ಸ್ ಕಟ್ಟು ಕೊಟ್ಟು ಕೈ ತೊಳೆದುಕೊಂಡರು. ಕ್ಯಾಂಪಸ್‌ನಲ್ಲಿ ಸಿಕ್ಕ ಕೆಲಸ ಹೋಯಿತು. ಕೆಲಸಕ್ಕೆ ಅಂತ ತಗೊಂಡ ಷೂ 1,850. ತಮ್ಮ ಅದನ್ನು ಮದುವೆಗೆ ಹಾಕಿಕೊಂಡು ಹರಿದ. ಲೇಟ್ ಫೀಸು ಬೇರೆ. ಯಾರಿಗೆ ಬೇಕಿತ್ತು ಈ ಪೇಪರ್?

ಮೊದಲ ಬ್ಯಾಚ್: ನಾನು 2021ರ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬ್ಯಾಚ್, ಬಿಎಸ್‌ಸಿ. ಓಪನ್ ಎಲೆಕ್ಟಿವ್, ಅಂದರೆ ನಮ್ಮ ವಿಭಾಗದ ಹೊರಗಿಂದ ಆರಿಸಿಕೊಳ್ಳುವ ವಿಷಯಗಳ ಪಟ್ಟಿ ಉದ್ದ ಇತ್ತು. ಕಾಲೇಜಿನಲ್ಲಿ ಸಿಕ್ಕಿದ್ದು ಮಾತ್ರ ಯಾವ ಮೇಷ್ಟ್ರಿಗೆ ವರ್ಕ್‌ಲೋಡ್ ಕಮ್ಮಿಯೋ ಆ ವಿಷಯ. ನಾನು ಹಠ ಹಿಡಿದು ಪತ್ರಿಕೋದ್ಯಮ ತಗೊಂಡೆ. ಈಗ ಔಷಧ ಕಂಪನಿಯಲ್ಲಿ ವರದಿ ಬರೆಯುವ ಕೆಲಸ. ಕೆಮಿಸ್ಟ್ರಿ ಎಲ್ಲರಿಗೂ ಬರುತ್ತೆ, ನೆಟ್ಟಗೆ ನಾಲ್ಕು ಸಾಲು ಬರೆಯೋಕೆ ಎಷ್ಟು ಜನಕ್ಕೆ ಬರುತ್ತೆ? 2024ರಲ್ಲಿ ರಾಜ್ಯ ಸರ್ಕಾರ ಎನ್‌ಇಪಿಯ ನಾಲ್ಕು ವರ್ಷದ ಪದವಿ ಕೈಬಿಟ್ಟಾಗ ನಕ್ಕವರೇ ಜಾಸ್ತಿ. ನನಗೆ ಬೇಜಾರಾಯಿತು.

ಹಳೇ ಬ್ಯಾಕ್‌ಲಾಗ್: ಕೇಳಿದ್ದು ಎಂಜಿನಿಯರಿಂಗ್ ಬಗ್ಗೆ. ಬಿಎಸ್‌ಸಿ ಪುರಾಣ ಯಾಕೆ?

ಮೊದಲ ಬ್ಯಾಚ್: ನಿಮ್ಮ ಷೂ ಪುರಾಣ ಕೇಳಿದ್ದರಾ ಅವರು?

ಅತಿಥಿ ಉಪನ್ಯಾಸಕಿ: ನಾನು ಬಳಕೆ ಕನ್ನಡ ಪಾಠ ಮಾಡುತ್ತೇನೆ, ಹೊರರಾಜ್ಯದ ಮಕ್ಕಳಿಗೆ. ಟೆಸ್ಟ್ ಹತ್ತಿರ ಬಂದರೆ ಮೊದಲು ಹೋಗುವುದು ನನ್ನ ಅವಧಿ, "ಮೇಡಂ, ಲ್ಯಾಬ್ ಬಾಕಿ ಇದೆ" ಅಂತ. ನನಗೆ ಗಂಟೆ ಲೆಕ್ಕದಲ್ಲಿ ಸಂಬಳ. ಅವಧಿ ಹೋದರೆ ದುಡ್ಡೂ ಹೋಯಿತು. ಮಕ್ಕಳಂತೂ ಚೆನ್ನಾಗಿ ಕಲಿಯುತ್ತಾರೆ. ಬಿಹಾರದ ಒಬ್ಬ ಹುಡುಗ ಈಗ ಆಟೋದವರ ಹತ್ತಿರ ಕನ್ನಡದಲ್ಲೇ ಚೌಕಾಸಿ ಮಾಡುತ್ತಾನೆ.

ಜಾವಾ ಗುರು: ಚೌಕಾಸಿ ಕಲಿಸೋಕೆ ಒಂದು ಕ್ರೆಡಿಟ್ಟಾ ಮೇಡಂ? ಆ್ಯಪ್ ಇದೆಯಲ್ಲ.

ಅತಿಥಿ ಉಪನ್ಯಾಸಕಿ: ಆ್ಯಪ್‌ನಲ್ಲಿ ಬುಕ್ ಮಾಡಿದ ಮೇಲೂ "ಐವತ್ತು ಜಾಸ್ತಿ ಕೊಡಿ" ಅಂತಾರಲ್ಲ ಸರ್, ಆಗ ಯಾವ ಭಾಷೆಯಲ್ಲಿ ಜಗಳ ಆಡುತ್ತೀರಿ?

ಆಟೋ ಮಗ: ನಮ್ಮಪ್ಪ ಆಟೋ ಓಡಿಸಿಯೇ ನನ್ನನ್ನು ಓದಿಸಿದ್ದು. ಎಲ್ಲರನ್ನೂ ಸೇರಿಸಿ ಹೇಳಬೇಡಿ. ಗ್ಯಾಸ್ ರೇಟು ಗೊತ್ತಾ?

ಜಾವಾ ಗುರು: ಮೀಟರ್ ಹಾಕಲಿ ಮೊದಲು.