ಸಹಾಯ ಬೇಕು: ಹ್ಯೂಯೆನ್ ತ್ಸಾಂಗ್‌ನ 'ಲಿ' ಅಂದರೆ ಎಷ್ಟು ಕಿಲೋಮೀಟರ್?

ಎಲ್ಲರಿಗೂ ನಮಸ್ಕಾರ. ಇಮ್ಮಡಿ ಪುಲಕೇಶಿಯ ರಾಜ್ಯದ ಬಗ್ಗೆ ಹ್ಯೂಯೆನ್ ತ್ಸಾಂಗ್ ಬರೆದಿಟ್ಟ ಭಾಗಕ್ಕೆ ಮಕ್ಕಳಿಗಾಗಿ ಟಿಪ್ಪಣಿ ಮಾಡ್ತಾ ಇದ್ದೀನಿ. ರಾಜ್ಯದ ಸುತ್ತಳತೆ ಸುಮಾರು 6000 ಲಿ (ಚೀನಾದ ದೂರದ ಅಳತೆ), ರಾಜಧಾನಿಯದ್ದು ಸುಮಾರು 30 ಲಿ ಅಂತ ಅವನ ಲೆಕ್ಕ. ಇದನ್ನ ಕಿಲೋಮೀಟರಿಗೆ ತರೋದರಲ್ಲೇ ಇರೋದು ತೊಡಕು.

ಇಂಟರ್ನೆಟ್ ಕ್ಯಾಲ್ಕುಲೇಟರ್‌ಗಳು ಸಾಮಾನ್ಯವಾಗಿ 1 ಲಿ = 500 ಮೀಟರ್ ಅಂತ ಹಿಡೀತವೆ. ಅದು ಈಗಿನ ಚೀನಾದ ಅಳತೆ: 3 ಛಿಗೆ (ಛಿ ಅಂದರೆ ಚೀನೀ ಅಡಿ) 1 ಮೀಟರ್, 1500 ಛಿಗೆ 1 ಲಿ. ಏಳನೇ ಶತಮಾನದ ಯಾತ್ರಿಕನಿಗೆ ಇದನ್ನ ಅಂಟಿಸೋದು ನನಗೆ ಸರಿ ಅನ್ನಿಸಲ್ಲ. ಛಿ ಕಾಲಕಾಲಕ್ಕೆ, ಊರೂರಿಗೆ ಬದಲಾಗಿದೆ. ಹಾಂಗ್‌ಕಾಂಗ್ ಕಾನೂನಿನಲ್ಲಿ ಇವತ್ತಿಗೂ ಅದು ಸುಮಾರು 37.15 ಸೆಂಟಿಮೀಟರ್!

ಹ್ಯೂಯೆನ್ ತ್ಸಾಂಗ್ ಬದುಕಿದ್ದ ತಾಂಗ್ ರಾಜವಂಶದ ಕಾಲದ ದೊಡ್ಡ ಛಿಯನ್ನ ಸುಮಾರು 29.5 ಸೆಂಟಿಮೀಟರ್ ಅಂತ ಇಟ್ಟುಕೊಂಡು, 5 ಛಿಗೆ ಒಂದು 'ಬು' (ಜೋಡಿ ಹೆಜ್ಜೆ) ಅಂತ ಲೆಕ್ಕ ಹಾಕಿದೆ. ಒಂದು ಲಿಗೆ 300 ಬು ಅಂತ ಹಿಡಿದರೆ ಲಿ ಸುಮಾರು 442 ಮೀಟರ್, 360 ಬು ಅಂತ ಹಿಡಿದರೆ ಸುಮಾರು 531 ಮೀಟರ್. ಅಂದರೆ ರಾಜಧಾನಿಯ ಸುತ್ತಳತೆ 13.3 ಕಿಲೋಮೀಟರೂ ಆಗಬಹುದು, 15.9 ಕೂಡ ಆಗಬಹುದು. ರಾಜ್ಯದ ಲೆಕ್ಕಕ್ಕೆ ಬಂದರಂತೂ ವ್ಯತ್ಯಾಸ 500 ಕಿಲೋಮೀಟರ್ ದಾಟುತ್ತೆ.

ಇತಿಹಾಸ ಓದಿದವರು, ಚೀನೀ ಭಾಷೆ ಬಲ್ಲವರು ದಯವಿಟ್ಟು ಹೇಳಿ: ಹ್ಯೂಯೆನ್ ತ್ಸಾಂಗ್‌ನ ದೂರಗಳಿಗೆ ವಿದ್ವಾಂಸರು ಯಾವ ಲಿ ಬಳಸ್ತಾರೆ? ಅವನು ಹೇಳಿದ ದೂರವನ್ನ ಗೊತ್ತಿರೋ ಎರಡು ಊರುಗಳ ನಡುವೆ ಯಾರಾದರೂ ತಾಳೆ ನೋಡಿದ್ದರೆ ಆ ಲೆಕ್ಕವನ್ನೂ ಹಾಕಿ. ಮಕ್ಕಳ ಕೈಗೆ ತಪ್ಪು ಅಂಕಿ ಹೋಗಬಾರದು.