ಪದಚರ್ಚೆ: ರೂಟ್ ಬೇಕಾದ್ದು ಪ್ಯಾಕೇಜ್ ‘ಕಟ್ಟಲು’ ಅಥವಾ ‘ಗಂಟು ಕಟ್ಟಲು’?

ಎಲ್ಲರಿಗೂ ನಮಸ್ಕಾರ.

ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಗೆ ಪ್ಯಾಕೇಜ್ (ಇನ್‌ಸ್ಟಾಲ್ ಮಾಡಲು ಸಿದ್ಧವಾದ ತಂತ್ರಾಂಶದ ಕಟ್ಟು) ಮಾಡುವುದು ಹೇಗೆ ಅಂತ ಹೊಸಬರಿಗಾಗಿ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ‘ಕೆಲವು ಪ್ಯಾಕೇಜ್‌ಗಳನ್ನು ಕಟ್ಟಲು ವಿಶೇಷ ಸವಲತ್ತು ಬೇಕು’ ಎಂದು ಬರೆದಿದ್ದೆ. ಓದಿದ ಗೆಳತಿ ‘ಈ ಸವಲತ್ತು ಯಾರು ಕೊಡ್ತಾರೆ?’ ಅಂತ ಕೇಳಿದರು. ಕೇಳಿದ್ದು ಸರಿಯೇ. ಸವಲತ್ತು ಅಂದರೆ ಅನುಕೂಲಕ್ಕೆಂದು ಸಿಗುವ ರಿಯಾಯಿತಿ. ಇಲ್ಲಿರುವುದು ಫೈಲ್‌ನ ಒಡೆತನವನ್ನೇ ಬದಲಿಸುವಂಥ ಶಕ್ತಿ. ಹಾಗಾಗಿ ‘ಅಧಿಕಾರ’ ಎಂದು ತಿದ್ದಿದೆ. ‘ಅನುಮತಿ’ ಬೇಡ, ಅದು ಒಂದೊಂದು ಫೈಲ್‌ಗೂ ಇರುವ ಓದು-ಬರೆ ಗುರುತುಗಳಿಗೆ ಆಗಲೇ ಬಳಕೆಯಲ್ಲಿದೆ. ರೂಟ್ ಅನ್ನು, ಅಂದರೆ ಸಿಸ್ಟಂನಲ್ಲಿ ಎಲ್ಲ ಅಧಿಕಾರವೂ ಇರುವ ಬಳಕೆದಾರನನ್ನು, ರೂಟ್ ಅಂತಲೇ ಬಿಟ್ಟಿದ್ದೇನೆ.

ನನ್ನನ್ನು ಜಾಸ್ತಿ ಕಾಡುತ್ತಿರುವುದು ‘ಕಟ್ಟು’. ಮನೆಯನ್ನೂ ಕಟ್ಟುತ್ತೇವೆ, ಗಂಟನ್ನೂ ಕಟ್ಟುತ್ತೇವೆ. ಪ್ಯಾಕೇಜ್ ವಿಷಯದಲ್ಲಿ ಇವೆರಡೂ ಬೇರೆ ಬೇರೆ ಹಂತ. ಮೊದಲು ಸೋರ್ಸ್ ಕೋಡ್‌ನಿಂದ ಪ್ರೋಗ್ರಾಂ ತಯಾರಾಗುತ್ತದೆ. ಡೆಬಿಯನ್‌ನಲ್ಲಿ ಇದು ‘ಬಿಲ್ಡ್’ ಹಂತ, ಇದಕ್ಕೆ ರೂಟ್ ಬೇಕಾಗುವಂತಿಲ್ಲ. ಆಮೇಲೆ ತಯಾರಾದದ್ದನ್ನೆಲ್ಲ ಸೇರಿಸಿ .ಡೆಬ್ ಎಂಬ ಒಂದೇ ಪ್ಯಾಕೇಜ್ ಫೈಲ್ ಮಾಡುವುದು ‘ಬೈನರಿ’ ಹಂತ. .ಡೆಬ್ ಒಳಗೆ ಪ್ರತಿ ಫೈಲ್‌ನ ಜೊತೆ ಒಡೆಯನ ಹೆಸರೂ ಇರುತ್ತದೆ. ಸಾಮಾನ್ಯವಾಗಿ ಅದು ರೂಟ್ ಆಗಿರಬೇಕು, ನನ್ನ ಹೆಸರು ಹೋಗಬಾರದು. ರೂಟ್ ಬೇಕು ಅನ್ನುವ ಮಾತು ಹುಟ್ಟಿದ್ದೇ ಇಲ್ಲಿ. ಅಂದರೆ ಗಂಟು ಕಟ್ಟುವಾಗ, ಮನೆ ಕಟ್ಟುವಾಗ ಅಲ್ಲ. ಎರಡಕ್ಕೂ ಸುಮ್ನೆ ‘ಕಟ್ಟು’ ಅಂದರೆ ಹೊಸಬರು ಕಂಪೈಲ್ ಮಾಡಲೂ ಸುಡೋ (ರೂಟ್ ಅಧಿಕಾರದಲ್ಲಿ ಕೆಲಸ ನಡೆಸುವ ಆದೇಶ) ಹಾಕುತ್ತಾರೆ. ಅದು ಅಪಾಯ.

ಇನ್ನೊಂದು ಪದ ಫೇಕ್‌ರೂಟ್, ರೂಟ್ ಆಗದೆಯೇ ರೂಟ್‌ನಂತೆ ಕಾಣಿಸುವ ಒಂದು ಸಾಧನ. ‘ನಕಲಿ ರೂಟ್’ ಅಂತ ಬರೆದವರಿದ್ದಾರೆ. ನಕಲಿ ಅಂದ ಕೂಡಲೇ ಮೋಸದ ವಾಸನೆ ಬರುತ್ತದೆ, ಅಲ್ವಾ? ಟರ್ಮಿನಲ್‌ನಲ್ಲಿ ಫೇಕ್‌ರೂಟ್ ಒಳಗೆ ಹೋಗಿ ‘ಹೂಆ್ಯಮ್‌ಐ’ (ನಾನು ಯಾರು ಎಂದು ಕೇಳುವ ಆದೇಶ) ಕೊಟ್ಟೆ, ‘ರೂಟ್’ ಅಂತ ಬಂತು. ನನ್ನದೇ ಫೈಲ್ ಕೂಡ ರೂಟ್‌ನದು ಅಂತ ಕಂಡಿತು. ಆದರೆ ಪಾಸ್‌ವರ್ಡ್‌ಗಳಿರುವ ಶ್ಯಾಡೋ ಫೈಲ್ ತೆರೆಯಲು ಹೋದರೆ ‘ಪರ್ಮಿಷನ್ ಡಿನೈಡ್’. ಹೊರಗೆ ಬಂದು ನೋಡಿದರೆ ಫೈಲ್ ಮತ್ತೆ ನನ್ನ ಹೆಸರಲ್ಲೇ ಇದೆ. ಯಾವ ಅಧಿಕಾರವೂ ಸಿಗಲಿಲ್ಲ. ಪ್ರೋಗ್ರಾಂ ಮತ್ತು ಸಿಸ್ಟಂ ನಡುವೆ ಒಂದು ಲೈಬ್ರರಿ ಕೂತು, ಒಡೆಯ ಯಾರು ಎಂದಾಗ ‘ರೂಟ್’ ಎಂದು ಉತ್ತರಿಸುತ್ತಿತ್ತು, ಅಷ್ಟೆ. ಇದಕ್ಕೆ ‘ಸೋಗಿನ ರೂಟ್’ ಚೆನ್ನಾಗಿ ಹೊಂದುತ್ತದೆ ಅನ್ನಿಸುತ್ತದೆ.

ಈಗಂತೂ ಬಹಳಷ್ಟು ಪ್ಯಾಕೇಜ್‌ಗಳಿಗೆ ಆ ಸೋಗೂ ಬೇಕಿಲ್ಲ. ಡೆಬಿಯನ್‌ನ ಪ್ಯಾಕೇಜ್ ಸಾಧನವಾದ ಡಿಪಿಕೆಜಿಯಲ್ಲಿ 1.19.0 ಆವೃತ್ತಿಯಿಂದ ಗಂಟು ಕಟ್ಟುವಾಗಲೇ ಒಡೆಯ ರೂಟ್ ಎಂದು ನಮೂದಿಸುವ ಆಯ್ಕೆ ಇದೆ. ಪ್ಯಾಕೇಜ್‌ನ ವಿವರಗಳಿರುವ ಕಂಟ್ರೋಲ್ ಫೈಲ್‌ನಲ್ಲಿ ‘ರೂಲ್ಸ್-ರಿಕ್ವೈರ್ಸ್-ರೂಟ್: ನೋ’ ಅಂತ ಬರೆದರೆ ಸಾಕು. ಇದನ್ನು ‘ನಿಯಮಗಳಿಗೆ ರೂಟ್ ಬೇಡ’ ಎಂದು ಅನುವಾದಿಸಿದ್ದನ್ನು ನೋಡಿದೆ. ದಯವಿಟ್ಟು ಹಾಗೆ ಬರೆಯಬೇಡಿ. ಇಲ್ಲಿ ‘ರೂಲ್ಸ್’ ಅನ್ನುವುದು ಒಂದು ಫೈಲ್‌ನ ಹೆಸರು, ಪ್ಯಾಕೇಜ್ ತಯಾರಿಸುವ ಹಂತಗಳನ್ನು ಬರೆದಿಟ್ಟ ಮೇಕ್‌ಫೈಲ್.

ಬಿಲ್ಡ್‌ಗೆ ‘ಕಟ್ಟು’, ಬೈನರಿ ಹಂತಕ್ಕೆ ‘ಗಂಟು ಕಟ್ಟು’ ಅಂತ ಇಟ್ಟರೆ ಓದುವಾಗ ಗೊಂದಲ ಆಗುತ್ತದಾ? ಅಥವಾ ಮೊದಲನೆಯದಕ್ಕೆ ‘ತಯಾರಿಸು’ ಅನ್ನೋದೇ ವಾಸಿಯಾ? ದಿನಾ ಪ್ಯಾಕೇಜ್ ಮಾಡುವವರು ಬಾಯಲ್ಲಿ ಏನು ಹೇಳುತ್ತೀರಿ, ಅದನ್ನೇ ತಿಳಿಸಿ.